ಒಂದು ಕಿಲೋ ಅಕ್ಕರೆ

ಫೆಬ್ರವರಿ 9
ಬಸ್ ನಿಲ್ದಾಣ, ಅನೌನ್ಸ್‌ಮೆಂಟ್ ರೂಮು

ಫೋನ್ ಎತ್ತದ ಮಹಾನುಭಾವನಿಗೆ,

ಒಂದು ವಾರದಿಂದ ಫೋನ್ ಮಾಡುತ್ತಿದ್ದೇನೆ. ಎತ್ತಿದರೆ "ಹಾಂ? ಏನು? ಜೋರಾಗಿ ಹೇಳು" ಅನ್ನುತ್ತೀಯ. ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯ" ಅನ್ನುತ್ತೀಯ. ಮೆಸೇಜ್ ಹಾಕಿದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ನಮ್ಮಿಬ್ಬರ ಬ್ಲಡ್ ಗ್ರೂಪು ಹೊಂದಿತು, ನನ್ನ ಒಂದು ಕಿಡ್ನಿ ನಿನಗೆ ಕೊಡುತ್ತೇನೆ ಅಂತ ಬರೆದರೆ ಅದಕ್ಕೂ ಹೆಬ್ಬೆರಳು! ಕಿಡ್ನಿ ಕೊಡುತ್ತೇನೆ ಅಂದವಳಿಗೆ ಹೆಬ್ಬೆರಳು ತೋರಿಸಿದವನು ಪ್ರಪಂಚದಲ್ಲಿ ನೀನೊಬ್ಬನೇ ಇರಬೇಕು. ಅದಕ್ಕೇ ಈ ಕಾಗದ. ಇದರ ಕೆಳಗೂ ಹೆಬ್ಬೆಟ್ಟು ಒತ್ತಿ ಕಳಿಸಿದರೆ, ಪ್ರೆಸ್ಸಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿಯೂ ನಿನಗೆ ಅಕ್ಷರ ಬರುವುದಿಲ್ಲ ಅಂದುಕೊಳ್ಳುತ್ತೇನೆ.

ವಿಷಯ ಇಷ್ಟು. ನಿನ್ನ ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ಗ್ರೂಪು ಹೊಂದಿದರೆ ಸಾಲದಂತೆ. ನಿನ್ನ ಕಾಯಿಲೆ ವಂಶದಿಂದ ಬಂದದ್ದಿರಬಹುದಂತೆ, ಕೊಡುವವಳಿಗೂ ಜೀನ್ ಟೆಸ್ಟ್ ಆಗಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ. ಕೊಡುವವಳು ನಾನು, ತೆಗೆದುಕೊಳ್ಳುವವನು ನೀನು, ನಡುವೆ ಇವರದೇನು? ದೇವರು ವರ ಕೊಟ್ಟರೂ ಪೂಜಾರಿ ಕೊಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮನನ್ನು ಕೇಳಿದೆ. "ನಮ್ಮ ವಂಶದಲ್ಲಿ ಅಂಥಾದ್ದೇನೂ ಇಲ್ಲ" ಅಂದು ಕಿಟಕಿ ಒರೆಸಲು ಎದ್ದುಹೋದಳು. ನೀನೇ ಡಾಕ್ಟರಿಗೆ ಹೇಳು, ಟೆಸ್ಟು ಗಿಸ್ಟು ಬೇಡ, ನಮ್ಮಕ್ಕ ಸರಿಯಾಗಿದ್ದಾಳೆ ಅಂತ.

ಈ ಮನೆಯಲ್ಲಿ ನನ್ನ ಮಾತು ಕೇಳುವವರೇ ಇಲ್ಲ ಕಣೋ. ಇಡೀ ನಿಲ್ದಾಣ ನನ್ನ ಬಾಯಿಂದ ಬಿದ್ದ ಮಾತು ಕೇಳಿ ಬ್ಯಾಗು ಎತ್ತಿಕೊಂಡು ಓಡುತ್ತದೆ. ಮನೆಗೆ ಹೋದರೆ ನಿನ್ನ ಅಳಿಯನನ್ನು ಹತ್ತು ಸಲ ಕೂಗಬೇಕು. ಹನ್ನೊಂದನೆಯ ಸಲಕ್ಕೆ "ಕರೆದ್ಯಾ?" ಅನ್ನುತ್ತಾನೆ. ಹದಿನಾಲ್ಕು ತುಂಬಿಲ್ಲ, ಆಗಲೇ ಜಾಣಕಿವುಡು. ಊಟಕ್ಕೆ ಬಾ ಅಂದರೆ ಕೇಳಿಸುತ್ತದೆ, ಬಟ್ಟೆ ಮಡಿಸು ಅಂದರೆ ಕೇಳಿಸುವುದಿಲ್ಲ. ಎಲ್ಲ ನಿನ್ನಿಂದ ಕಲಿತ ವಿದ್ಯೆ. ನೀನೂ ಹಾಗೇ ತಾನೇ ಇದ್ದದ್ದು? ಅಮ್ಮ ಸಕ್ಕರೆ ತಾ ಅಂದರೆ ಅಂಗಡಿಗೆ ಹೋಗಿ "ಒಂದು ಕಿಲೋ ಅಕ್ಕರೆ ಕೊಡಿ" ಅಂದವನು ನೀನು. ಆ ಅಂಗಡಿಯವನು ಬೀದಿಗೆಲ್ಲ ಹೇಳಿ ನಕ್ಕಿದ್ದ. ಅವತ್ತಿನಿಂದ ನಿನ್ನ ಹೆಸರೇ ಅಕ್ಕರೆ. ನನ್ನ ಮಗನಿಗಂತೂ ನೀನು ಅಕ್ಕರೆಮಾವನೇ, ನಿನಗೆ ಬೇರೆ ಹೆಸರಿದೆ ಅಂದರೆ ನಂಬುವುದಿಲ್ಲ.

ತಕ್ಷಣ ಬರಿ. ನನ್ನ ಬಸ್ಸು ಬಂತು, ಅಂದರೆ ಜನರ ಬಸ್ಸು. ಕೂಗಬೇಕು.

ನಿನ್ನ ಅಕ್ಕ


ಫೆಬ್ರವರಿ 21
ಡಯಾಲಿಸಿಸ್ ಕುರ್ಚಿ, ಕಿಟಕಿ ಪಕ್ಕದ್ದು

ಅಕ್ಕಾ,

ಹೆಬ್ಬೆಟ್ಟು ಒತ್ತಿಲ್ಲ, ನೋಡಿಕೋ. ಕಾಗದ ಉದ್ದ ಪಟ್ಟಿಯ ಹಾಗಿದೆ ಅಂತ ಬೈಯಬೇಡ. ಪ್ರೆಸ್ಸಿನಲ್ಲಿ ಪುಸ್ತಕದ ಅಂಚು ಕತ್ತರಿಸಿ ಉಳಿದದ್ದು, ಒಳ್ಳೆಯ ಕಾಗದ. ಎಡಗೈಯನ್ನು ಮಿಷನ್ನಿಗೆ ಕೊಟ್ಟಿದ್ದೇನೆ, ಬಲಗೈ ನಿನಗೆ. ರಕ್ತ ಆಚೆ ಹೋಗಿ ತೊಳೆದುಕೊಂಡು ವಾಪಸ್ಸು ಬರುವವರೆಗೆ ನನಗೆ ಬೇರೆ ಕೆಲಸವಿಲ್ಲ. ಈ ಕೈ ಅಲ್ಲಾಡಿಸಿದರೆ ಮಿಷನ್ನು ನಿನ್ನ ಹಾಗೇ ಕೂಗಿಕೊಳ್ಳುತ್ತದೆ.

ಈಗ ಕೋಪ ಮಾಡಿಕೊಳ್ಳದೆ ಓದು. ನನ್ನ ಜೀನ್ ಟೆಸ್ಟು ಬಂದಿದೆ. ಇದು ಪ್ರೆಸ್ಸಿನ ಮಿಷನ್ನಿನ ಸದ್ದಿಗೆ ಬಂದದ್ದಲ್ಲ, ಹೊಟೇಲಿನ ಊಟಕ್ಕೆ ಬಂದದ್ದೂ ಅಲ್ಲ, ಹುಟ್ಟುವಾಗಲೇ ತಂದದ್ದು. ಇಲ್ಲಿ ಒಬ್ಬರು ಮೇಡಂ ಇದ್ದಾರೆ, ಇದನ್ನು ವಿವರಿಸುವುದೇ ಅವರ ಕೆಲಸ. ಹಾಳೆಯ ಮೇಲೆ ಚೌಕ, ಸೊನ್ನೆ ಬರೆಯುತ್ತಾರೆ. ಗಂಡಸರು ಚೌಕ, ಹೆಂಗಸರು ಸೊನ್ನೆ. ಹೆಂಗಸರು ಸೊನ್ನೆ ಅಂದದ್ದು ನಾನಲ್ಲ, ಅವರು. ಕಾಯಿಲೆ ಇದ್ದವರಿಗೆ ಕಪ್ಪು ಬಳಿಯುತ್ತಾರೆ. ನನ್ನ ಚೌಕ ಕಪ್ಪು.

ಅವರು ಹೇಳಿದ್ದು ಹೀಗೆ. ಕಿಡ್ನಿಯೊಳಗೆ ಸೋಸುವ ಪರದೆ ಇರುತ್ತದೆ, ಕಿವಿಯೊಳಗೂ ಅಂಥದೇ ಒಂದು ಪರದೆ. ಎರಡೂ ಒಂದೇ ನೂಲಿನಲ್ಲಿ ನೇಯ್ದದ್ದು. ನನಗೆ ಸಿಕ್ಕ ನೂಲೇ ಸರಿಯಿಲ್ಲ. ಅದಕ್ಕೇ ಮೊದಲು ಕಿವಿ ಹೋಯಿತು, ಆಮೇಲೆ ಕಿಡ್ನಿ. ನನ್ನ ಬಗೆಯದು ಗಂಡುಮಕ್ಕಳಿಗೆ ತಾಯಿಯಿಂದ ಮಾತ್ರ ಬರುತ್ತದಂತೆ. ಅಂದರೆ ಅಮ್ಮನಲ್ಲಿ ಇದೆ. ಹೆಂಗಸರಲ್ಲಿ ಇದ್ದರೂ ಎಷ್ಟೋ ವರ್ಷ ಗೊತ್ತಾಗುವುದಿಲ್ಲ, ಗುಂಡುಕಲ್ಲಿನ ಹಾಗೇ ಇರುತ್ತಾರೆ. ನಿನ್ನಲ್ಲಿ ಇರುವ ಸಾಧ್ಯತೆ ಅರ್ಧಕ್ಕರ್ಧ. ನಿನ್ನಲ್ಲಿದ್ದರೆ ನಿನ್ನ ಮಗನಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ.

ನಿನ್ನ ಟೆಸ್ಟು ನನ್ನ ಕಿಡ್ನಿಗೋಸ್ಕರ ಅಲ್ಲ ಅಕ್ಕಾ. ನೀನು ಬರೆದ ಆ ಜಾಣಕಿವುಡಿನ ಸಾಲನ್ನು ನಾನು ಎರಡು ಸಲ ಓದಿದೆ. ಅವನ ಕಿವಿ ತೋರಿಸು. ಮೂತ್ರವನ್ನೂ ಪರೀಕ್ಷೆ ಮಾಡಿಸು. ಅಮ್ಮನ ತಮ್ಮ ಒಬ್ಬ ಇದ್ದನಲ್ಲ, ನಾವು ಹುಟ್ಟುವ ಮೊದಲೇ ಹೋದವನು? ಅವನಿಗೆ ಏನಾಗಿತ್ತು ಕೇಳು. ಮೇಡಮ್ಮನ ಹಾಳೆಯಲ್ಲಿ ಅವನ ಚೌಕ ಇನ್ನೂ ಖಾಲಿ ಇದೆ.

ತಮ್ಮ


ಮಾರ್ಚ್ 4

ಕಿಡ್ನಿ ಕೊಡುತ್ತೇನೆ ಅಂದರೆ ಕಿವಿಯ ಕಥೆ ಹೇಳುವವನೇ,

ನಿನ್ನ ಮೇಡಂ ಚೌಕ ಸೊನ್ನೆ ಆಡುತ್ತಾ ಕೂತಿರಲಿ. ಅದನ್ನು ನಾವು ಶಾಲೆಯ ಸ್ಲೇಟಿನ ಮೇಲೇ ಆಡಿ ಮುಗಿಸಿದ್ದೇವೆ.

ನಿನ್ನ ಕಿವಿ ಹಾಳಾದದ್ದು ಆ ಪ್ರೆಸ್ಸಿನ ಮಿಷನ್ನಿನಿಂದ. ಕಿವಿಗೆ ಹತ್ತಿ ಇಟ್ಟುಕೋ ಅಂತ ಬಡಿದುಕೊಂಡೆ, ಕೇಳಿದೆಯಾ? ನನ್ನ ಮಗನ ಕಿವಿ ಹಾಳಾಗುತ್ತಿರುವುದು ಅವನು ದಿನವಿಡೀ ಕಿವಿಗೆ ಸಿಕ್ಕಿಸಿಕೊಳ್ಳುವ ಆ ವೈರಿನಿಂದ. ಇದಕ್ಕೆಲ್ಲ ಜೀನೂ ಬೇಡ ಗೀನೂ ಬೇಡ. ಅವನ ಮೇಷ್ಟ್ರು ಕರೆಸಿದ್ದರು. ಪಾಠದ ಕಡೆ ಗಮನವೇ ಇಲ್ಲವಂತೆ. ಉಕ್ತಲೇಖನದಲ್ಲಿ ಅವರು "ಸಂಚು" ಅಂದರೆ ಇವನು "ಅಂಚು" ಅಂತ ಬರೆದಿದ್ದಾನೆ. ಹಿಂದಿನ ಬೆಂಚಿನಲ್ಲಿ ಕೂತು ಹರಟೆ ಹೊಡೆಯುವವನಿಗೆ ಇನ್ನೇನು ಕೇಳಿಸುತ್ತದೆ? ಮನೆಗೆ ಬಂದು ಚೆನ್ನಾಗಿ ಪೂಜೆ ಮಾಡಿದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ.

ಅಮ್ಮನನ್ನು ಕೇಳು ಅಂದೆಯಲ್ಲ, ಕೇಳಿದೆ. ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು.

"ಅಮ್ಮಾ, ನಿನ್ನ ತಮ್ಮ ಹೇಗೆ ಸತ್ತಿದ್ದು?"

"ಬಾವು ಬಂದು."

"ಎಲ್ಲಿ ಬಾವು?"

"ಮುಖದಲ್ಲಿ, ಕಾಲಲ್ಲಿ. ಈ ಕಾಯಿ ಬಲಿತುಬಿಟ್ಟಿದೆ ನೋಡು, ನಾರು."

"ಅವನಿಗೆ ಕಿವಿ ಕೇಳಿಸ್ತಿತ್ತಾ?"

"ಅವನಿಗೆ ಬೇಕಾದ್ದೆಲ್ಲ ಕೇಳಿಸ್ತಿತ್ತು."

ಇನ್ನೊಂದು ಪ್ರಶ್ನೆ ಕೇಳಿದೆ. ಅಮ್ಮನಿಗೆ ಕೇಳಿಸಲಿಲ್ಲ. ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸತ್ತವರನ್ನು ಎಬ್ಬಿಸಿ ಅವಳ ಮನಸ್ಸು ಯಾಕೆ ನೋಯಿಸಬೇಕು?

ಕೊನೆಯ ಮಾತು. ಟೆಸ್ಟು ಮಾಡಿಸುವುದಿಲ್ಲ. ಮಾಡಿಸಿ ಅದರಲ್ಲಿ ಏನಾದರೂ ಬಂದರೆ ಇವರು ನನ್ನ ಕಿಡ್ನಿ ಮುಟ್ಟುವುದಿಲ್ಲ. ಆಮೇಲೆ ನೀನು ಏನು ಮಾಡುತ್ತೀಯ? ಅದನ್ನು ನೀನು ಬರೆದಿಲ್ಲ. ಅದೊಂದನ್ನು ಬಿಟ್ಟು ಊರ ಪುರಾಣವೆಲ್ಲ ಬರೆದಿದ್ದೀಯ.

ಅಕ್ಕ


ಮಾರ್ಚ್ 10

ಅಕ್ಕಾ,

ಕೇಳಿಸಲಿಲ್ಲ. ಮತ್ತೆ ಬರಿ.

ತಮ್ಮ


ಮಾರ್ಚ್ 15

ನಿನ್ನ ಕೊಬ್ಬಿಗಿಷ್ಟು!

ಒಂದು ಗೇಣು ಕಾಗದದಲ್ಲಿ ಮೂರು ಪದ! ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ನಿಲ್ಲಿಸಿದ್ದೇನೆ. ನಾನು ಇನ್ನು ಬರೆಯುವುದಿಲ್ಲ. ನೀನಾಗಿ ನೀನು ಬಂದು ಅಕ್ಕಾ ತಪ್ಪಾಯ್ತು, ಕಿಡ್ನಿ ಕೊಡು ಅನ್ನುವವರೆಗೂ ಬರೆಯುವುದಿಲ್ಲ. ಕಾಲಿನ ಬಾವು ಇಳಿದಿದೆಯಾ? ಅದಕ್ಕೆ ಮಾತ್ರ ಉತ್ತರ ಬರಿ.

ಅಕ್ಕ


ಮಾರ್ಚ್ 30
ಅದೇ ಕುರ್ಚಿ

ಅಕ್ಕಾ,

ಕಾಲಿನ ಬಾವು ಇಳಿದಿದೆ. ಉತ್ತರ ಬರೆದಾಯಿತು. ಇನ್ನು ಮುಂದಿನದನ್ನು ಹರಿದು ಹಾಕುವುದಾದರೂ ಓದಿ ಹರಿ.

ನೀನು "ಸಂಚು" "ಅಂಚು" ಆದದ್ದನ್ನು ನಗೆಯಾಡಿ ಬರೆದೆ. ನನಗೆ ಅದನ್ನು ಓದಿ ಅವತ್ತು ಊಟ ಸೇರಲಿಲ್ಲ. ಯಾಕೆ ಅಂತ ಹೇಳುತ್ತೇನೆ. ನನಗೆ "ಸ" ಕೇಳಿಸುವುದಿಲ್ಲ ಅಕ್ಕಾ. ಯಾವತ್ತೂ ಸರಿಯಾಗಿ ಕೇಳಿಸಿಲ್ಲ. ಸಣ್ಣ ದನಿಗಳೆಲ್ಲ ಮೊದಲು ಹೋಗುತ್ತವಂತೆ, ಸೀಟಿ, ಹಕ್ಕಿ, ಗಡಿಯಾರ, ಈ ಸಕಾರ. ದಪ್ಪ ದನಿಗಳು ಉಳಿಯುತ್ತವೆ. ಅದಕ್ಕೇ ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ತಿಳಿಯುತ್ತದೆ, ಏನು ಅನ್ನುವುದು ತಿಳಿಯುವುದಿಲ್ಲ. ಊಟಕ್ಕೆ ಬಾ ಅಂದರೆ ಕೇಳಿಸುತ್ತಿತ್ತು ಅಂತ ನನಗೂ ಬೈಯುತ್ತಿದ್ದಿರಿ. ಕೇಳಿಸುತ್ತಿದ್ದದ್ದು ಕಿವಿಗಲ್ಲ, ಮೂಗಿಗೆ. ಒಗ್ಗರಣೆ ವಾಸನೆ ಬಂದ ಮೇಲೆ ಯಾರಾದರೂ ಕೂಗಿದರೆ ಅದು ಊಟಕ್ಕೇ ಅಲ್ಲವೇ?

ಆ ಅಂಗಡಿಗೆ ನಾನು ತಮಾಷೆಗೆ ಹೋಗಿ ಅಕ್ಕರೆ ಕೇಳಲಿಲ್ಲ. ಅಮ್ಮ ಹೇಳಿದ್ದು ನನಗೆ ಹಾಗೇ ಕೇಳಿಸಿತ್ತು. ಬಿಳಿಯ ಹರಳು ಹರಳಾದ ಆ ವಸ್ತುವಿನ ಹೆಸರೇ ಅಕ್ಕರೆ ಅಂದುಕೊಂಡಿದ್ದೆ. ಅಂಗಡಿಯವನು ನಕ್ಕ, ಬೀದಿಯವರು ನಕ್ಕರು. ಅವರ ಮುಖ ನೋಡಿ ನಾನೂ ನಕ್ಕೆ. ಆಮೇಲೆ ಇಡೀ ಬಾಲ್ಯ ಅದೇ ಕೆಲಸ ಮಾಡಿದೆ. ಯಾರಾದರೂ ಏನಾದರೂ ಹೇಳಿದರೆ ಮೊದಲು ಉಳಿದವರ ಮುಖ ನೋಡುವುದು, ಅವರು ನಕ್ಕರೆ ಒಂದು ಗಳಿಗೆ ತಡವಾಗಿ ನಗುವುದು. ಅವರು ಸುಮ್ಮನಿದ್ದರೆ ಸುಮ್ಮನಿರುವುದು. ಅಪ್ಪ ಜಾಣಕಿವುಡು ಅಂತ ಹೊಡೆದಾಗ ಮಾತ್ರ ಯಾರ ಮುಖ ನೋಡಬೇಕೆಂದು ತಿಳಿಯುತ್ತಿರಲಿಲ್ಲ. ಪ್ರೆಸ್ಸಿಗೆ ಸೇರಿ ಪ್ರೂಫ್ ಓದಲು ಶುರುಮಾಡಿದ ಮೇಲೆ ಎಷ್ಟೋ ಪದಗಳ ನಿಜವಾದ ರೂಪ ಗೊತ್ತಾಯಿತು. ಸದ್ದು ಮಾಡುವ ಮಿಷನ್ನಿನ ಪಕ್ಕ ನನಗೆ ನೆಮ್ಮದಿಯಾದದ್ದು ಯಾಕೆ ಗೊತ್ತಾ? ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ.

ಇದನ್ನು ನಿನ್ನ ಕಣ್ಣಲ್ಲಿ ನೀರು ತರಿಸಲು ಬರೆಯುತ್ತಿಲ್ಲ. ನೀನು ಅತ್ತರೆ ಇನ್ನೂ ಜೋರಾಗಿ ಬೈಯುತ್ತೀಯ ಅಂತ ಗೊತ್ತು. ನನ್ನ ಅಳಿಯ ಯಾರ ಮುಖ ನೋಡಿ ನಗುತ್ತಾನೆ ಅನ್ನುವುದನ್ನು ಒಂದು ಸಲ ಗಮನಿಸು. ಅಷ್ಟು ಸಾಕು. ಈಗಲೇ ಗೊತ್ತಾದರೆ ಮಾತ್ರೆ ಇದೆಯಂತೆ. ಕಾಯಿಲೆ ಹೋಗುವುದಿಲ್ಲ, ಆದರೆ ಕಿಡ್ನಿ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ನನ್ನದು ಗೊತ್ತಾಗುವ ಹೊತ್ತಿಗೆ ಮಾತ್ರೆಯ ಕಾಲ ಮುಗಿದಿತ್ತು.

ಆಮೇಲೆ ನೀನು ಏನು ಮಾಡುತ್ತೀಯ ಅಂತ ಕೇಳಿದ್ದೀಯ. ಗೊತ್ತಿಲ್ಲ ಅಕ್ಕಾ. ಗೊತ್ತಿಲ್ಲದ್ದನ್ನು ಬರೆಯಲಿಲ್ಲ, ಅಷ್ಟೇ.

ತಮ್ಮ


ಏಪ್ರಿಲ್ 13

ತಮ್ಮಾ,

ಮಾನ ಹರಾಜಾಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರ ಬಾಯಿಂದ ಕೇಳುತ್ತೀಯ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತಿದ್ದೆ. ನಾನು ಬರೆಯುವಾಗ ಬಾಯಿಬಿಟ್ಟು ಹೇಳಿಕೊಂಡೇ ಬರೆಯುವವಳು, ನಿನಗೆ ಗೊತ್ತಲ್ಲ. ಮೊಣಕೈ ಮೈಕಿನ ಗುಂಡಿಯ ಮೇಲೆ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. "ಲೋ, ನನ್ನ ಕಿಡ್ನಿ ನಿನಗೆ ಬೇಕೋ ಬೇಡವೋ, ಒಂದೇ ಮಾತಲ್ಲಿ ಬೊಗಳು!" ಎಲ್ಲ ಪ್ಲಾಟ್‌ಫಾರ್ಮಿಗೂ ಹೋಯಿತು. ಗಾಜಿನ ಆಚೆ ನೋಡುತ್ತೇನೆ, ಇಡೀ ನಿಲ್ದಾಣ ನಿಂತುಬಿಟ್ಟಿದೆ. ಹೊರಟಿದ್ದ ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿದ್ದಾನೆ. ಒಬ್ಬ ಹಿರಿಯರು ಕಿಟಕಿಗೆ ಬಂದು, "ಅವರಿಗೆ ಬೇಡದಿದ್ರೆ ಹೇಳಮ್ಮ, ನಮ್ಮ ಭಾವಮೈದನಿಗೆ ಬೇಕಿತ್ತು" ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಲಿನವರು ಕರೆಸಿ ಚೆನ್ನಾಗಿ ಉಗಿದರು. ಉಗಿಯುವಾಗಲೂ ಅವರ ತುಟಿ ನಡುಗುತ್ತಿತ್ತು, ನಗು ತಡೆಯಲಾರದೆ.

ಆದರೆ ನಾನು ಹೇಳಬೇಕಾದದ್ದು ಅದಲ್ಲ.

ನನ್ನ ಮಗ ಅಲ್ಲೇ ಇದ್ದ. ನಾನು ಮರೆತ ಕನ್ನಡಕ ಕೊಡಲು ಬಂದಿದ್ದ. ಸ್ಪೀಕರಿನ ಕೆಳಗೇ ನಿಂತಿದ್ದ. ಎಲ್ಲರೂ ಮೊದಲು ಬೆಚ್ಚಿ ತಲೆಯೆತ್ತಿದರು, ಆಮೇಲೆ ನಕ್ಕರು. ಅವನು ತಲೆಯೆತ್ತಲಿಲ್ಲ. ಪಕ್ಕದವನ ಮುಖ ನೋಡಿದ. ಅವನ ಪಕ್ಕದವಳ ಮುಖ ನೋಡಿದ. ಆಮೇಲೆ ನಕ್ಕ. ಒಳಗೆ ಬಂದು, "ಅಮ್ಮಾ, ಯಾವ ಬಸ್ಸು ಲೇಟಂತೆ? ಎಲ್ಲರೂ ಯಾಕೆ ನಗ್ತಿದಾರೆ?" ಅಂದ. ಹುಟ್ಟಿದಾಗಿನಿಂದ ಕೇಳಿದ ನನ್ನ ದನಿ, ಅಷ್ಟು ದೊಡ್ಡ ಸ್ಪೀಕರಿನಲ್ಲಿ, ಅವನಿಗೆ ಬರೀ ಗದ್ದಲ.

ಆಗಲೂ ನಾನು ಒಪ್ಪಲಿಲ್ಲ. ಸ್ಪೀಕರು ಹಳೆಯದು, ಕರಕರ ಅನ್ನುತ್ತದೆ ಅಂದುಕೊಂಡೆ. ಮನೆಗೆ ಬಂದೆ. ಅವನು ಮೇಜಿನ ಮುಂದೆ ಕೂತು ಸೈಕಲ್ಲಿನ ಬ್ರೇಕು ಬಿಚ್ಚಿ ರಿಪೇರಿ ಮಾಡುತ್ತಿದ್ದ. ಕಿವಿಯಲ್ಲಿ ವೈರು ಗೀರು ಏನೂ ಇರಲಿಲ್ಲ. ನಾನು ಹಿಂದೆ ಹೋಗಿ ನಿಂತೆ. ಕೂಗಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆ, ಒಂದೇ ಒಂದು ಪದ ಅಂದೆ.

"ಸಕ್ಕರೆ."

ಅವನು ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದ. ಮುಖವೆಲ್ಲ ಅರಳಿತು. ಬಾಗಿಲ ಕಡೆ ನೋಡಿ, "ಮಾವ ಬಂದ್ರಾ?" ಅಂದ.

ನಿನಗೆ ಅಕ್ಕರೆ ಅಂತ ಹೆಸರಿಟ್ಟು ನಕ್ಕ ಬಾಯಿ ಇದು ಕಣೋ. ಅವನು ಬಾಗಿಲವರೆಗೂ ಹೋಗಿ ನಿನ್ನನ್ನು ಹುಡುಕಿ ಬಂದ.

ನಾಳೆ ರಜೆ ಹಾಕಿದ್ದೇನೆ, ಅವನ ಕಿವಿ ತೋರಿಸಲು. ನಿನ್ನ ಮೇಡಂ ಇರುವ ದಿನ ಯಾವುದು ಬರಿ. ಚೌಕ, ಸೊನ್ನೆ, ಏನು ಬೇಕಾದರೂ ಬರೆದುಕೊಳ್ಳಲಿ.

ಅಕ್ಕ


ಏಪ್ರಿಲ್ 19

ಅಕ್ಕಾ,

ಮಂಗಳವಾರ, ಶುಕ್ರವಾರ ಇರುತ್ತಾರೆ. ನಿನ್ನ ಕಾಗದ ತಲುಪಿದ ದಿನವೇ ಅವರ ಹತ್ತಿರ ಹೋಗಿ ಹೇಳಿ ಬಂದಿದ್ದೇನೆ.

ಎರಡು ಮಾತು. ಟೆಸ್ಟು ಯಾಕೆ ಅಂತ ಅಳಿಯನಿಗೆ ಮೊದಲೇ ಹೇಳು, ಅವನು ಚಿಕ್ಕವನಲ್ಲ. ಹೇಳುವಾಗ ಬೆಳಕಿನ ಕಡೆ ಮುಖ ಮಾಡಿ ನಿಂತು ಹೇಳು, ತುಟಿ ಕಾಣಲಿ. ಇನ್ನೊಂದು, ಮೈಕಿನಲ್ಲಿ ಕೇಳಿದ್ದಕ್ಕೆ ಮೈಕಿನಲ್ಲೇ ಉತ್ತರ ಹೇಳುವ ಆಸೆ ನನಗೂ ಇದೆ. ಬೇಕು ಅಕ್ಕಾ. ಬೇಡ ಅಂತ ನಾನು ಯಾವತ್ತೂ ಅಂದಿಲ್ಲ. ಆ ಕುರ್ಚಿಯಿಂದ ಎದ್ದು ಮನೆಗೆ ನಡೆಯುವಾಗ ಪ್ರತಿಸಲವೂ ಬೇಕು ಅನ್ನಿಸುತ್ತದೆ. ಆದರೆ ಅವನ ಲೆಕ್ಕ ಮೊದಲು.

ಬರುವಾಗ ಅಮ್ಮನನ್ನೂ ಕರೆದುಕೊಂಡು ಬಾ. ಕಿಟಕಿ ಒರೆಸಲು ಬಿಡಬೇಡ.

ತಮ್ಮ


ಜೂನ್ 20
ಅನೌನ್ಸ್‌ಮೆಂಟ್ ರೂಮು (ಮೈಕು ಆಫ್ ಆಗಿದೆ, ಎರಡು ಸಲ ನೋಡಿದ್ದೇನೆ)

ತಮ್ಮಾ,

ಫಲಿತಾಂಶದ ದಿನ ನೀನು ಕುರ್ಚಿಯಲ್ಲಿದ್ದೆ, ಅದಕ್ಕೇ ನಾವೇ ಹೋದೆವು; ಆಮೇಲೆ ನಿನ್ನ ಕುರ್ಚಿಯವರೆಗೆ ಬಂದು ಹೇಳುವ ಧೈರ್ಯವಾಗಲಿಲ್ಲ. ನಿನಗೆ ಹೆಬ್ಬೆರಳು ಕಳಿಸಿ ಮುಗಿಸಬಹುದಿತ್ತು, ಮನಸ್ಸು ಬರಲಿಲ್ಲ. ಆ ಎರಡು ತಿಂಗಳು ಕಾಯಿಸಿದರಲ್ಲ, ನಮ್ಮ ನಿಲ್ದಾಣದಲ್ಲಿ ಒಂದು ಬಸ್ಸು ಅಷ್ಟು ತಡ ಮಾಡಿದ್ದರೆ ಜನ ಗಾಜು ಒಡೆಯುತ್ತಿದ್ದರು.

ನನ್ನಲ್ಲಿ ಇದೆ. ಅವನಲ್ಲೂ ಇದೆ.

ಮೇಡಂ ಹಾಳೆ ತೆಗೆದು ನನ್ನ ಸೊನ್ನೆಯ ಅರ್ಧಕ್ಕೆ ಕಪ್ಪು ಬಳಿದರು. ಅವನ ಚೌಕಕ್ಕೆ ಪೆನ್ನು ತಂದಾಗ ನನಗೆ ತಡೆಯಲಾಗಲಿಲ್ಲ. "ಮೇಡಂ, ಅದೊಂದನ್ನು ಪೆನ್ಸಿಲ್ಲಲ್ಲಿ ಬಳೀರಿ" ಅಂದೆ. ಅವರು ನಗಲಿಲ್ಲ. ಮೇಜಿನ ಖಾನೆ ಹುಡುಕಿ ಪೆನ್ಸಿಲ್ ತೆಗೆದರು.

ಅವನ ಕಿಡ್ನಿ ಈಗ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಶುರುವಾಗಿದೆ, ಅಷ್ಟೇ. ಮಾತ್ರೆ ಕೊಟ್ಟಿದ್ದಾರೆ. ನಿನ್ನ ಬಾಯಿಂದ ಮೂರು ತಿಂಗಳ ಹಿಂದೆ ಬಂದ ಮಾತನ್ನೇ ಡಾಕ್ಟರು ಹೇಳಿದರು, ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ ಅಂತ. ಅದನ್ನು ಕೇಳಿಸಿಕೊಳ್ಳಲು ನನಗೆ ಮೂರು ತಿಂಗಳು ಬೇಕಾಯಿತು.

ಅಷ್ಟೇ ಅಲ್ಲ. ಇವನು ಹೊಟ್ಟೆಯಲ್ಲಿದ್ದಾಗ ನನ್ನ ಮೂತ್ರ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದೆ, ಹೆರಿಗೆ ಆದ ಮೇಲೆ ಮತ್ತೆ ಬಂದು ತೋರಿಸಿ ಅಂದಿದ್ದರು. ಚೆನ್ನಾಗಿ ಕೇಳಿಸಿತ್ತು. ಹೋಗಲಿಲ್ಲ. ಅಮ್ಮನೂ ಬೇಡ ಅಂದಿದ್ದಳು, "ನಂಗೂ ಹಾಗೇ ಅಂದಿದ್ರು, ಏನಾಯ್ತು ಈಗ?" ಅಂತ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅಮ್ಮ ಇದ್ದಕ್ಕಿದ್ದ ಹಾಗೆ ಮಾತಾಡಿದಳು. "ನನ್ನ ತಮ್ಮನಿಗೆ ನಾನೂ ಹೊಡೀತಿದ್ದೆ ಕಣೇ, ಕರೆದರೆ ಬರಲ್ಲ ಅಂತ. ಮೂವತ್ತು ದಾಟಲಿಲ್ಲ ಅವನು." ಅಷ್ಟು ಹೇಳಿ ಮೊಮ್ಮಗನ ಕೈ ಹಿಡಿದುಕೊಂಡು ಕೂತಳು. ಆ ಖಾಲಿ ಚೌಕಕ್ಕೆ ಇನ್ನು ಕಪ್ಪು ಬಳಿಯಲು ಹೇಳು. ಅದಕ್ಕೆ ಪೆನ್ನೇ ಆಗಲಿ.

ಜಾಣಕಿವುಡು ಅಂತ ನಾವು ಯಾರನ್ನು ಬೈದೆವು ನೋಡು. ನಮ್ಮ ಮನೆಯ ಗಂಡಸರಿಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲ. ಕೇಳಿಸಿಯೂ ಕೇಳಿಸದ ಹಾಗೆ ಇದ್ದವರು ನಾವು ಹೆಂಗಸರು.

ಈಗ ನನಗೆ ಸಿಟ್ಟು ಬಂದಿರುವ ವಿಷಯ. ಅವರು ನನ್ನ ಕಿಡ್ನಿ ತೆಗೆದುಕೊಳ್ಳುವುದಿಲ್ಲವಂತೆ. "ಇರೋ ಎರಡನ್ನೂ ನೀವೇ ಕಾಪಾಡಿಕೊಳ್ಳಿ, ಮುಂದೆ ಬೇಕಾಗಬಹುದು" ಅಂದರು ಆ ಡಾಕ್ಟರು, ಯಾವುದೋ ಹಳೆಯ ಪಾತ್ರೆಯ ವಿಷಯ ಹೇಳುವ ಹಾಗೆ. ನಾನು ಜಗಳಕ್ಕೆ ನಿಂತೆ. ನನ್ನ ವಸ್ತು, ನನ್ನ ಇಷ್ಟ ಅಂದೆ. ಕಾರಿಡಾರಿನ ಜನವೆಲ್ಲ ನೋಡಿದರು. ನಿನ್ನ ಭಾವ ನನ್ನನ್ನು ಎಳೆದುಕೊಂಡು ಬಂದರು. ಮಾರನೆಯ ದಿನ ಒಂದು ಮಾತೂ ಆಡದೆ ಹೋಗಿ ಪರೀಕ್ಷೆಗೆ ತಮ್ಮ ರಕ್ತ ಕೊಟ್ಟು ಬಂದರು. ಗ್ರೂಪು ಹೊಂದಲಿಲ್ಲ. ಇನ್ನು ನೀನು ಸರದಿಯಲ್ಲಿ ಕಾಯಬೇಕು. ನನ್ನ ಒಂದು ಕಿಡ್ನಿ ನಿನಗೆ ಅಂತ ಎತ್ತಿಟ್ಟುಬಿಟ್ಟಿದ್ದೆ ಕಣೋ. ಬೆಳಗ್ಗೆ ನೀರು ಕುಡಿಯುವಾಗಲೂ ಒಂದು ಲೋಟ ನನಗೆ, ಒಂದು ಲೋಟ ನಿನ್ನದಕ್ಕೆ ಅಂತ ಕುಡಿಯುತ್ತಿದ್ದೆ. ಈಗಲೂ ಎರಡು ಲೋಟವೇ ಕುಡಿಯುತ್ತೇನೆ.

ಮಗನಿಗೆ ಕಿವಿಗೆ ಮಿಷನ್ನು ಬಂದಿದೆ. ಹಾಕಿಕೊಂಡ ಮೊದಲನೆಯ ದಿನ ನಾನು ಅಡುಗೆಮನೆಯಿಂದ ಎಂದಿನ ಹಾಗೆ ಕೂಗಿದೆ. ಕಿವಿ ಮುಚ್ಚಿಕೊಂಡು ಓಡಿಬಂದು, "ಅಮ್ಮಾ, ಇಷ್ಟು ದಿನ ಹಿಂಗೇ ಕಿರುಚ್ತಿದ್ಯಾ?" ಅಂದ. ಹೌದಪ್ಪ ಅಂದೆ. ಈಗ ಅವನಿಗೆ ಏನಾದರೂ ಹೇಳಬೇಕಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಹೋಗಿ, ಬೆಳಕಿಗೆ ಮುಖ ಮಾಡಿ ನಿಂತು ಹೇಳುತ್ತೇನೆ. ಬೈಯುವುದೂ ಹಾಗೇ. ಅಷ್ಟು ದೂರ ನಡೆದು ಹೋಗಿ ಬೈಯಬೇಕಲ್ಲ, ಅರ್ಧ ಬೈಗುಳ ದಾರಿಯಲ್ಲೇ ಮರೆತುಹೋಗುತ್ತದೆ.

ನಿನಗೆ ಬೈಯಲು ಅಷ್ಟು ದೂರ ನಡೆಯಲಾರೆ, ಅದಕ್ಕೆ ಬರೆಯುತ್ತಿದ್ದೇನೆ. ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ, ಜಾಣಕಿವುಡು ಮಾಡಬೇಡ. ಡಾಕ್ಟರು ಹೇಳಿದಷ್ಟೇ ನೀರು ಕುಡಿ, ಉಪ್ಪು ಬಿಡು, ಆ ಕುರ್ಚಿಗೆ ಒಂದು ದಿನವೂ ತಪ್ಪಿಸಬೇಡ. ಸರದಿ ಬರುವವರೆಗೂ ನೀನು ಇರಬೇಕು. ಅವನು ದೊಡ್ಡವನಾಗುವಾಗ ಇದೆಲ್ಲ ಹೇಗೆ ಅಂತ ಕೇಳಲು ಅವನಿಗೆ ಒಬ್ಬ ಮಾವ ಬೇಕು. ನನಗೂ ನೀನು ಬೇಕು. ನೀನು ಇರಬೇಕು.

ನಿನ್ನ ಅಕ್ಕ


ಜೂನ್ 27

ಅಕ್ಕಾ,

ಕೇಳಿಸಿತು.

ನಿನ್ನ ಅಕ್ಕರೆ